ಮುಚ್ಚಿದ ಬಾಗಿಲ ಹಿಂದಿನ ಮೊಕದ್ದಮೆ



ಈ ಸಲದ ಸಂಪಾದಕೀಯವನ್ನು ಒಂದು ಧಾರಾವಾಹಿಯ ಬಗ್ಗೆ ಬರೆಯುತ್ತಿದ್ದೇನೆ. ವರದಕ್ಷಿಣೆ ಸಾವು, ಜೀವನಾಂಶ, ಪೊಲೀಸ್ ಠಾಣೆಯ ಅಲೆದಾಟ ಇವುಗಳ ನಡುವೆ ಟಿ.ವಿ. ಕಥೆಗೆ ಏಕೆ ಜಾಗ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಬಹುದು. ನಮ್ಮ ಸಂಘಗಳ ಸಭೆಗಳನ್ನೇ ನೆನಪಿಸಿಕೊಳ್ಳಿ. ಸಾಲದ ಕಂತಿನ ಲೆಕ್ಕ ಮುಗಿದು, ಪುಸ್ತಕಕ್ಕೆ ರುಜು ಹಾಕಿದ ಮೇಲೆ ನಾವು ಮಾತಾಡುವುದು ಯಾವುದರ ಬಗ್ಗೆ? ಹಿಂದಿನ ರಾತ್ರಿಯ ಧಾರಾವಾಹಿಯ ಕಂತಿನ ಬಗ್ಗೆ. ತನ್ನ ಮನೆಯ ಮಾತನ್ನು ಬಾಯಿಬಿಟ್ಟು ಹೇಳಲಾರದ ಹೆಂಗಸು ಧಾರಾವಾಹಿಯ ಸೊಸೆಯ ಹೆಸರಿನಲ್ಲಿ ಹೇಳುತ್ತಾಳೆ. "ಅವಳ ಗಂಡ ಹಾಗೆ ಮಾಡಬಾರದಿತ್ತು" ಎಂಬ ಮಾತು ಎಷ್ಟೋ ಸಲ ಟಿ.ವಿ.ಯ ಗಂಡನ ಕುರಿತದ್ದಾಗಿರುವುದಿಲ್ಲ. ಆದ್ದರಿಂದ ಧಾರಾವಾಹಿಯನ್ನು ನಾವು ಹಗುರವಾಗಿ ಕಾಣುವಂತಿಲ್ಲ.

ನಾನು ಹೇಳಹೊರಟಿರುವುದು 2020ರ ಡಿಸೆಂಬರ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಂದ 'ಕ್ರಿಮಿನಲ್ ಜಸ್ಟಿಸ್: ಬಿಹೈಂಡ್ ಕ್ಲೋಸ್ಡ್ ಡೋರ್ಸ್' ಎಂಬ ಹಿಂದಿ ಧಾರಾವಾಹಿಯನ್ನು ಕುರಿತು. ಎಂಟು ಕಂತುಗಳ ಕೋರ್ಟು ಕಥೆ. ಹೆಸರೇ ಹೇಳುವಂತೆ ಮುಚ್ಚಿದ ಬಾಗಿಲುಗಳ ಹಿಂದೆ ನಡೆದದ್ದರ ವಿಚಾರಣೆ. ಮಕ್ಕಳ ಮೊಬೈಲಿನಲ್ಲಿ ಇದನ್ನು ನೋಡಿದವರು ನಮ್ಮ ನಡುವೆಯೂ ಇದ್ದಾರೆ. ನೋಡದವರಿಗಾಗಿ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ತೀರ್ಪು ಏನಾಯಿತೆಂದು ಹೇಳುವುದಿಲ್ಲ, ನಮ್ಮ ಚರ್ಚೆಗೆ ಅದರ ಅಗತ್ಯವೂ ಇಲ್ಲ.

ಬಿಕ್ರಮ್ ಚಂದ್ರ ಮುಂಬಯಿಯ ಹೆಸರಾಂತ ವಕೀಲ. ನ್ಯಾಯನಿಷ್ಠ, ಸಜ್ಜನ ಎಂದು ಊರೆಲ್ಲ ಹೊಗಳುವ ಮನುಷ್ಯ. ಮನೆಯಲ್ಲಿ ಹೆಂಡತಿ ಅನು, ಹರೆಯಕ್ಕೆ ಕಾಲಿಡುತ್ತಿರುವ ಮಗಳು. ಒಂದು ರಾತ್ರಿ ಮಲಗುವ ಕೋಣೆಯಲ್ಲಿ ಅನು ಗಂಡನಿಗೆ ಚೂರಿಯಿಂದ ಇರಿಯುತ್ತಾಳೆ. ಆತ ಬದುಕುಳಿಯುವುದಿಲ್ಲ. ಇರಿದದ್ದು ತಾನೇ ಎಂದು ಆಕೆ ಒಪ್ಪಿಕೊಳ್ಳುತ್ತಾಳೆ. ಏಕೆ ಇರಿದಳೆಂಬುದನ್ನು ಮಾತ್ರ ಹೇಳುವುದಿಲ್ಲ. ಇಂಥ ದೊಡ್ಡ ಮನುಷ್ಯನನ್ನು ಕೊಂದವಳ ಪರವಾಗಿ ನಿಲ್ಲಲು ವಕೀಲರು ಹಿಂಜರಿಯುವಾಗ, ಸಣ್ಣಪುಟ್ಟ ಕೇಸು ಹಿಡಿದು ಬದುಕುವ ಮಾಧವ ಮಿಶ್ರ ಎಂಬಾತ ನಿಖತ್ ಹುಸೇನ್ ಎಂಬ ಯುವ ವಕೀಲೆಯೊಂದಿಗೆ ಸೇರಿ ವಕಾಲತ್ತು ವಹಿಸುತ್ತಾನೆ. ಅನುವಾಗಿ ಕೀರ್ತಿ ಕುಲ್ಹಾರಿ, ಮಾಧವನಾಗಿ ಪಂಕಜ್ ತ್ರಿಪಾಠಿ ಅಭಿನಯಿಸಿದ್ದಾರೆ. ಇಡೀ ಕಥೆ ಸಾಗುವುದು ಒಂದೇ ಪ್ರಶ್ನೆಯ ಮೇಲೆ: ಆ ಕೋಣೆಯಲ್ಲಿ ಏನು ನಡೆಯುತ್ತಿತ್ತು?

ನಡೆಯುತ್ತಿದ್ದದ್ದು ಹೆಂಡತಿಯ ಮೇಲೆ ಗಂಡನ ಅತ್ಯಾಚಾರ. ಆಕೆಗೆ ಬೇಡವಾದ, ನೋವು ತರುವ, ಆಕೆಯನ್ನು ಕುಗ್ಗಿಸುವ ಸಂಭೋಗ. ಅದು ಒಂದು ದಿನದ್ದಲ್ಲ. ಹಗಲಿನಲ್ಲಿ ಆಕೆ ಯಾರೊಂದಿಗೆ ಬೆರೆಯಬೇಕು, ಹೇಗಿರಬೇಕು ಎಂಬುದರ ಮೇಲೂ ಗಂಡನ ಹತೋಟಿ. ಮುಖದ ಮೇಲೆ ಏಟಿನ ಗುರುತಿಲ್ಲ, ವರದಕ್ಷಿಣೆಯ ಬೇಡಿಕೆ ಇಲ್ಲ, ಕುಡಿತವಿಲ್ಲ, ಬೀದಿಗೆ ಕೇಳುವ ಕೂಗಾಟವಿಲ್ಲ. ನಾವು 'ಹಿಂಸೆ' ಎಂದಾಗ ನೆನಪಿಗೆ ತಂದುಕೊಳ್ಳುವ ಯಾವ ಲಕ್ಷಣವೂ ಆ ಮನೆಯಲ್ಲಿ ಕಾಣುವುದಿಲ್ಲ. ಆದ್ದರಿಂದಲೇ ನೆಂಟರು, ಆಳುಕಾಳು, ಪೊಲೀಸರು ಎಲ್ಲರೂ ಆಕೆಯನ್ನೇ ಅನುಮಾನದಿಂದ ನೋಡುತ್ತಾರೆ.

ಈ ಕಥೆಯಲ್ಲಿ ಕೋರ್ಟಿನ ಜೊತೆಗೆ ಇನ್ನೂ ಎರಡು ದಾಂಪತ್ಯಗಳ ಉಪಕಥೆಗಳಿವೆ. ಒಂದು ಮಾಧವ ಮಿಶ್ರನದೇ. ಅವನ ಮದುವೆ ಆಗಷ್ಟೇ ಆಗಿದೆ. ಕೇಸಿನ ಕರೆ ಬಂದದ್ದೇ ತಡ, ಹೊಸ ಹೆಂಡತಿ ರತ್ನಳನ್ನು ಊರಲ್ಲೇ ಬಿಟ್ಟು ಮುಂಬಯಿಗೆ ಓಡುತ್ತಾನೆ. ಆಕೆ ಸುಮ್ಮನೆ ಕೂರುವವಳಲ್ಲ, ಹಿಂದೆಯೇ ಬಂದು ಅವನ ಬಡ ಮನೆಯಲ್ಲಿ ತನ್ನ ಹಕ್ಕಿನ ಜಾಗ ಹಿಡಿಯುತ್ತಾಳೆ. ಇನ್ನೊಂದು ತನಿಖೆ ನಡೆಸುವ ಪೊಲೀಸ್ ದಂಪತಿ ಗೌರಿ ಮತ್ತು ಹರ್ಷ್ ಪ್ರಧಾನರದು. ಇಬ್ಬರದೂ ಒಂದೇ ಇಲಾಖೆ, ಒಂದೇ ಕೇಸು, ಮನೆಗೆ ಬಂದರೆ ಗಂಡಹೆಂಡತಿ. ಅನುವಿನ ಮೌನದಲ್ಲಿ ಏನೋ ಇದೆಯೆಂದು ಗೌರಿಗೆ ಅನಿಸತೊಡಗಿದಂತೆ ಆ ಮನೆಯೊಳಗೂ ಬಿರುಕು ಕಾಣಿಸುತ್ತದೆ.

ಗಂಭೀರವಾದ ಕಥೆಯಲ್ಲಿ ಈ ಸರಸ, ಹಾಸ್ಯ ಏಕೆ ಬೇಕಿತ್ತು ಎಂದು ಕೇಳಿದವರಿದ್ದಾರೆ. ನನಗೆ ಹಾಗನಿಸಲಿಲ್ಲ. ಬೇಸರ ಕಳೆಯಲೆಂದೇ ತಂದದ್ದಾದರೂ ಈ ಉಪಕಥೆಗಳು ಒಂದು ಕೆಲಸ ಮಾಡಿವೆ. ರತ್ನ ಮತ್ತು ಮಾಧವ ಇಬ್ಬರೂ ಅಪರಿಚಿತರು. ಮನೆಯವರು ನೋಡಿ ಮಾಡಿದ ಮದುವೆ. ತಾಳಿ ಕಟ್ಟಿದ ಮಾತ್ರಕ್ಕೆ ಅವರು ಹತ್ತಿರದವರಾಗುವುದಿಲ್ಲ. ಮುನಿಸು, ಜಗಳ, ತಮಾಷೆ, ಊಟ, ಮಾತು ಇವೆಲ್ಲ ನಡೆದು ನಿಧಾನವಾಗಿ ಒಬ್ಬರಿಗೊಬ್ಬರು ಒಗ್ಗುತ್ತಾರೆ. ಅತ್ತ ಅನುವಿನ ಮನೆಯಲ್ಲಿ ಎಲ್ಲ ಇದೆ, ಆಕೆಯ ಒಪ್ಪಿಗೆಯನ್ನು ಕೇಳುವವರು ಮಾತ್ರ ಇಲ್ಲ. ಮದುವೆ ಎಂಬುದು ಒಂದು ದಿನ ಒಪ್ಪಿದರೆ ಜೀವಮಾನಕ್ಕೆಲ್ಲ ಒಪ್ಪಿದಂತೆಯೋ, ಅಥವಾ ದಿನದಿನವೂ ಕೇಳಿ ಪಡೆಯಬೇಕಾದ ಸಮ್ಮತಿಯೋ? ಭಾಷಣ ಮಾಡದೆ ಈ ಪ್ರಶ್ನೆಯನ್ನು ಎರಡು ಮನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದ್ದಾರೆ. ಈ ಪ್ರಶ್ನೆಯೇ ನಮ್ಮ ಕಾನೂನಿನ ಒಂದು ದೊಡ್ಡ ಗಂಟು ಕೂಡ.

ಆ ಗಂಟನ್ನು ಬಿಡಿಸಿ ನೋಡೋಣ. ನಮ್ಮ ದೇಶದ ದಂಡ ಸಂಹಿತೆ 1860ರಲ್ಲಿ ಬ್ರಿಟಿಷರು ಮಾಡಿದ್ದು. ಅದರ 375ನೆಯ ಕಲಮು ಅತ್ಯಾಚಾರ ಎಂದರೇನೆಂದು ಹೇಳಿ, ಕೊನೆಗೆ ಒಂದು ವಿನಾಯಿತಿಯನ್ನು ಸೇರಿಸಿತು: ಗಂಡ ತನ್ನ ಹೆಂಡತಿಯೊಡನೆ ನಡೆಸುವ ಸಂಭೋಗ ಅತ್ಯಾಚಾರವಲ್ಲ. ಹೆಂಡತಿಯ ವಯಸ್ಸೊಂದೇ ಇದಕ್ಕಿದ್ದ ಮಿತಿ. ಮೊದಲು ಅದು ಹತ್ತು ವರ್ಷ. ಕಲ್ಕತ್ತೆಯ ಫೂಲ್‌ಮಣಿ ಎಂಬ ಹನ್ನೊಂದರ ಆಸುಪಾಸಿನ ಹುಡುಗಿ ಗಂಡನ ಬಲಾತ್ಕಾರದಿಂದ ಸತ್ತಾಗ, 1890ರ ವಿಚಾರಣೆಯಲ್ಲಿ ಆತನಿಗೆ ಅತ್ಯಾಚಾರದ ಶಿಕ್ಷೆಯಾಗಲಿಲ್ಲ. ಹುಡುಗಿಗೆ ಹತ್ತು ತುಂಬಿತ್ತಲ್ಲ! ಆ ಸಾವು ಎಬ್ಬಿಸಿದ ಚರ್ಚೆಯ ನಂತರ 1891ರಲ್ಲಿ ವಯಸ್ಸನ್ನು ಹನ್ನೆರಡಕ್ಕೆ ಏರಿಸಲಾಯಿತು. ಧರ್ಮ ಕೆಡುತ್ತದೆ, ಸಂಸಾರ ಮುರಿಯುತ್ತದೆ ಎಂದು ಆಗಲೂ ದೊಡ್ಡ ಕೂಗೆದ್ದಿತ್ತು. ಮುಂದೆ ವಯಸ್ಸು ಹದಿನೈದಾಯಿತು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಹದಿನೆಂಟು ತುಂಬದ ಹೆಂಡತಿಯ ವಿಷಯದಲ್ಲಿ ಈ ವಿನಾಯಿತಿ ಸಲ್ಲದೆಂದು ತೀರ್ಪಿತ್ತಿತು. ಅಂದರೆ ಹತ್ತರಿಂದ ಹದಿನೆಂಟಕ್ಕೆ ಬರಲು ನಮಗೆ ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಹದಿನೆಂಟು ದಾಟಿದ ಹೆಂಡತಿಗೆ ವಿನಾಯಿತಿ ಹಾಗೆಯೇ ಉಳಿಯಿತು. 2024ರ ಜುಲೈ 1ರಂದು ಹಳೆಯ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ತನ್ನ 63ನೆಯ ಕಲಮಿನಲ್ಲಿ ಅದನ್ನು ಜೋಪಾನವಾಗಿ ಇಟ್ಟುಕೊಂಡಿತು. ಹೆಸರು ಬದಲಾಯಿತು, ಹೆಂಡತಿಯ ಸ್ಥಾನ ಬದಲಾಗಲಿಲ್ಲ.

ಈ ವಿನಾಯಿತಿಯ ಮೂಲ ಯಾವುದು? ಇದು ನಮ್ಮ ಸಂಸ್ಕೃತಿ ಎಂದು ಎದೆ ತಟ್ಟಿಕೊಳ್ಳುವವರು ಕೇಳಿಸಿಕೊಳ್ಳಬೇಕು. ಮ್ಯಾಥ್ಯೂ ಹೇಲ್ ಎಂಬ ಇಂಗ್ಲೆಂಡಿನ ನ್ಯಾಯಾಧೀಶ ಹದಿನೇಳನೆಯ ಶತಮಾನದಲ್ಲಿ, ಮದುವೆಯಲ್ಲಿ ಹೆಣ್ಣು ಒಮ್ಮೆ ತನ್ನನ್ನು ಒಪ್ಪಿಸಿಕೊಂಡ ಮೇಲೆ ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲಾರಳು ಎಂದು ಬರೆದಿಟ್ಟ. ಆತ ಸತ್ತು ಅರುವತ್ತು ವರ್ಷಗಳ ಬಳಿಕ, 1736ರಲ್ಲಿ ಅದು ಅಚ್ಚಾಯಿತು. ಆತನ ಆ ವಾಕ್ಯವೇ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು. ಅದನ್ನು ಕಳಿಸಿದ ಇಂಗ್ಲೆಂಡು 1991ರಲ್ಲಿ ಕೈಬಿಟ್ಟಿತು. ಗಂಡನೂ ಅತ್ಯಾಚಾರದ ಅಪರಾಧಿಯಾಗಬಹುದೆಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಮ್ಮ ನೆರೆಯ ನೇಪಾಳದ ಸುಪ್ರೀಂ ಕೋರ್ಟು 2002ರಲ್ಲಿ ಇದೇ ಮಾತು ಹೇಳಿತು. ಅಲ್ಲೆಲ್ಲ ಮದುವೆಗಳೇನೂ ನಿಂತುಹೋಗಲಿಲ್ಲ.

ಈ ಧಾರಾವಾಹಿಯ ಮೂಲವೂ ಇಂಗ್ಲೆಂಡಿನದೇ ಎಂಬುದನ್ನು ಇಲ್ಲಿ ನೆನೆಯಬೇಕು. 2009ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ, ಪೀಟರ್ ಮೊಫಾಟ್ ಬರೆದ ಧಾರಾವಾಹಿಯ ಭಾರತೀಯ ರೂಪ ಇದು. ಅಲ್ಲಿಯೂ ಹೆಸರಾಂತ ವಕೀಲ ಗಂಡ, ಇರಿಯುವ ಹೆಂಡತಿ. ಆದರೆ ಆ ಕಥೆ ನಡೆಯುವ ದೇಶದಲ್ಲಿ ಗಂಡ ಮಾಡಿದ್ದಕ್ಕೆ ಕಾನೂನಿನಲ್ಲಿ ಹೆಸರಿದೆ. ಅದೇ ಕಥೆ ಮುಂಬಯಿಗೆ ಬಂದಾಗ ಹೆಸರೇ ಇಲ್ಲವಾಗುತ್ತದೆ. ಇಲ್ಲಿಯ ಅನು ಬಾಯಿ ತೆರೆದು ಹೇಳಿದರೂ ಆಕೆ ಹೇಳುವುದು ಕಾನೂನಿನ ಪ್ರಕಾರ ಅತ್ಯಾಚಾರದ ದೂರಾಗುವುದಿಲ್ಲ. ಹೆಸರಿಲ್ಲದ ನೋವನ್ನು ಆಕೆ ಯಾರ ಮುಂದೆ, ಯಾವ ಪದದಲ್ಲಿ ಇಡಬೇಕು?

ಇದರಿಂದಾಗುವ ಹಾನಿ ಗಂಡನಿಗೆ ಶಿಕ್ಷೆ ತಪ್ಪುವುದಷ್ಟೇ ಎಂದು ತಿಳಿಯಬೇಡಿ. ಸಾಮಾನ್ಯವಾಗಿ ಯಾರೂ ಎತ್ತದ ಒಂದು ಅಂಶವಿದೆ. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ಹಳೆಯ ಸಂಹಿತೆಯ 100ನೆಯ ಕಲಮು, ಹೊಸದರ 38ನೆಯ ಕಲಮು ಹೇಳುವಂತೆ, ಅತ್ಯಾಚಾರ ಮಾಡುವ ಉದ್ದೇಶದಿಂದ ಮೇಲೆ ಬಿದ್ದವನನ್ನು ಎದುರಿಸುವಾಗ, ಬೇರೆ ದಾರಿ ಇಲ್ಲದೆ ಆತ ಸತ್ತರೂ ಅದು ಅಪರಾಧವಾಗುವುದಿಲ್ಲ. ಹೊಲದ ದಾರಿಯಲ್ಲಿ ಅಡ್ಡಗಟ್ಟಿದವನ ವಿಷಯದಲ್ಲಿ ಹೆಣ್ಣಿಗೆ ಈ ರಕ್ಷಣೆ ಇದೆ. ಮೇಲೆ ಬಿದ್ದವನು ಗಂಡನಾದರೆ? ಅವನು ಮಾಡುತ್ತಿರುವುದು 'ಅತ್ಯಾಚಾರ'ವೇ ಅಲ್ಲ ಎಂದು ಕಾನೂನು ಮೊದಲೇ ಹೇಳಿಬಿಟ್ಟಿದೆ. ಆಗ ಆಕೆ ಈ ಕಾರಣ ಕೊಡಲು ಹೋದರೆ ಮೊದಲ ಮೆಟ್ಟಿಲಲ್ಲೇ ಎಡವುತ್ತಾಳೆ. ಜೀವಭಯವಿತ್ತು, ಭಾರಿ ಗಾಯವಾಗುವುದರಲ್ಲಿತ್ತು ಎಂಬ ಬೇರೆ ಕಾರಣಗಳನ್ನು ಆಕೆ ಸಾಬೀತು ಮಾಡಲು ಹೆಣಗಬೇಕು. ಗಂಡನಿಗೆ ಗುರಾಣಿಯಾದ ವಿನಾಯಿತಿಯೇ ಹೆಂಡತಿಯ ಕೈಯಲ್ಲಿದ್ದ ಗುರಾಣಿಯನ್ನೂ ಕಿತ್ತುಕೊಳ್ಳುತ್ತದೆ.

ನಮ್ಮ ಕರ್ನಾಟಕಕ್ಕೂ ಈ ಪ್ರಶ್ನೆಗೂ ನೇರ ಸಂಬಂಧವಿದೆ. ತನ್ನನ್ನು ಲೈಂಗಿಕ ಗುಲಾಮಳಂತೆ ನಡೆಸಿಕೊಂಡನೆಂದು ಗಂಡನ ಮೇಲೆ ದೂರಿತ್ತ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ, ಅತ್ಯಾಚಾರದ ಆರೋಪವನ್ನು ರದ್ದು ಮಾಡಬೇಕೆಂಬ ಗಂಡನ ಕೋರಿಕೆಯನ್ನು 2022ರ ಮಾರ್ಚ್ 23ರಂದು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ತಳ್ಳಿಹಾಕಿದರು. ಅತ್ಯಾಚಾರ ಎಸಗಿದವನು ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಎಂಬುದು ಆ ತೀರ್ಪಿನ ಸಾರ. ನಮ್ಮಂಥವರಿಗೆ ಅದು ಬಹು ದೊಡ್ಡ ಮಾತಾಗಿತ್ತು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ನಡುವೆ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದೇ ಪ್ರಶ್ನೆಯ ಮೇಲೆ ಭಿನ್ನ ತೀರ್ಪು ಬರೆದರು. ವಿನಾಯಿತಿ ಸಂವಿಧಾನಕ್ಕೆ ವಿರುದ್ಧ ಎಂದರು ಒಬ್ಬರು, ಅಲ್ಲ ಎಂದರು ಇನ್ನೊಬ್ಬರು. ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲೇ ಈ ವಿನಾಯಿತಿಯನ್ನು ತೆಗೆದುಹಾಕಿ ಎಂದು ಶಿಫಾರಸು ಮಾಡಿತ್ತು. ಸಂಸತ್ತು ಅದನ್ನು ಒಪ್ಪಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಇದನ್ನು ಅತ್ಯಾಚಾರವೆಂದು ಕರೆಯುವುದು ವಿಪರೀತ ಕಠಿಣವಾದೀತು, ಹೆಂಡತಿಗೆ ಬೇರೆ ಪರಿಹಾರಗಳಿವೆ ಎಂದು ವಾದಿಸಿತು. ಆ ತಿಂಗಳು ಆರಂಭವಾದ ವಿಚಾರಣೆ ಅದೇ ತಿಂಗಳು ಮುಂದಕ್ಕೆ ಹೋಯಿತು.

"ಇಷ್ಟೆಲ್ಲ ದೌರ್ಜನ್ಯ ನಡೆಯುತ್ತಿದ್ದರೆ ಆಕೆ ಯಾರಿಗೂ ಏಕೆ ಹೇಳಲಿಲ್ಲ?" ಅನುವನ್ನು ಎಲ್ಲರೂ ಕೇಳುವ ಪ್ರಶ್ನೆ ಇದೇ. ಧಾರಾವಾಹಿ ನೋಡಿದವರೂ ನನ್ನನ್ನು ಇದನ್ನೇ ಕೇಳಿದರು. ಉತ್ತರ ಸರ್ಕಾರದ ಲೆಕ್ಕದಲ್ಲೇ ಇದೆ. 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮೈಮೇಲೆ ಹಿಂಸೆ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 14 ಮಂದಿ ಮಾತ್ರ ಸಹಾಯ ಕೇಳಿದ್ದರು. ನೂರಕ್ಕೆ 77 ಮಂದಿ ಸಹಾಯ ಕೇಳುವುದಿರಲಿ, ಇನ್ನೊಂದು ಜೀವಕ್ಕೆ ಹೇಳಿಯೇ ಇರಲಿಲ್ಲ. ಅದೇ ಸಮೀಕ್ಷೆಯಲ್ಲಿ ಲೈಂಗಿಕ ಹಿಂಸೆಗೊಳಗಾದ ವಿವಾಹಿತೆಯರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಆ ಹಿಂಸೆ ಮಾಡಿದವನು ಈಗಿನ ಗಂಡನೇ ಎಂದು ಹೇಳಿದರು. ಕರ್ನಾಟಕದ ಅಂಕಿ ನೋಡಿದರೆ ತಲೆತಗ್ಗಿಸಬೇಕು. 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಗಂಡನ ಹಿಂಸೆಯನ್ನು ಅನುಭವಿಸಿದವರು ದೇಶದಲ್ಲಿ ನೂರಕ್ಕೆ 29.3 ಇದ್ದರೆ, ನಮ್ಮ ರಾಜ್ಯದಲ್ಲಿ 44.4. ಆ ಸಮೀಕ್ಷೆಯಲ್ಲಿ ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಹತ್ತು ಜನರ ನಮ್ಮ ಒಂದು ಸಂಘವನ್ನು ಕಣ್ಣಮುಂದೆ ತಂದುಕೊಳ್ಳಿ. ಆ ಜಮಖಾನೆಯ ಮೇಲೆ ಕುಳಿತವರಲ್ಲಿ ನಾಲ್ವರು. ನೂರಕ್ಕೆ 77ರ ಲೆಕ್ಕ ಹಿಡಿದರೆ ಆ ನಾಲ್ವರಲ್ಲಿ ಮೂವರು ನಮಗೆ ಹೇಳಿಲ್ಲ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು. ಓದಿನ ನಡುವೆಯೇ ಮದುವೆಯಾಗಿ, ತಿಂಗಳೊಪ್ಪತ್ತಿನಲ್ಲಿ ತರಗತಿಗೆ ಮರಳಿದ ಹುಡುಗಿಯರನ್ನು ನೋಡಿದ್ದೇನೆ. ಕೆಲವರು ಬಳೆ, ಸೀರೆ ತೋರಿಸಿ ನಗುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬಾಕೆ ಮದುವೆಯಾದ ಮೇಲೆ ಕೊನೆಯ ಬೆಂಚಿಗೆ ಹೋದಳು. ಸಂಜೆ ಗಂಟೆ ಬಾರಿಸಿದರೂ ಏಳುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕುಳಿತು ಕೇಳಿದೆ. "ಮೇಡಂ, ಮನೆಯಲ್ಲಿ ಎಲ್ಲ ಒಳ್ಳೆಯವರು, ರಾತ್ರಿ ಆಗಬಾರದು ಅಷ್ಟೆ" ಎಂದಳು. ಅತ್ತೆ ಬೈಯುವುದಿಲ್ಲ, ಗಂಡ ಹೊಡೆಯುವುದಿಲ್ಲ, ಊಟಕ್ಕೆ ಕೊರತೆಯಿಲ್ಲ. ತನಗಾಗುತ್ತಿರುವುದನ್ನು 'ಹಿಂಸೆ' ಎಂದು ಕರೆಯಬಹುದೆಂದೇ ಆಕೆಗೆ ಗೊತ್ತಿರಲಿಲ್ಲ. ತಾಯಿಗೆ ಹೇಳಿದ್ದಳಂತೆ. "ಎಲ್ಲರಿಗೂ ಹೀಗೇ, ಅಭ್ಯಾಸವಾಗುತ್ತದೆ" ಎಂಬ ಉತ್ತರ ಬಂದಿತ್ತು. ಆ ತಾಯಿಯೂ ಒಂದು ಕಾಲಕ್ಕೆ ತನ್ನ ತಾಯಿಯಿಂದ ಇದೇ ಉತ್ತರ ಕೇಳಿದ್ದಿರಬೇಕು.

ಈ ವಿಷಯ ಎತ್ತಿದಾಗಲೆಲ್ಲ ಬರುವ ಆಕ್ಷೇಪಗಳು ನಿಮಗೆ ಗೊತ್ತು. ಮಲಗುವ ಕೋಣೆಗೆ ಕಾನೂನು ಬರಬಾರದು ಎನ್ನುತ್ತಾರೆ. ವರದಕ್ಷಿಣೆಯ ವಿಷಯದಲ್ಲೂ ಇದು ಮನೆಯೊಳಗಿನ ಮಾತು ಎಂದೇ ಹೇಳುತ್ತಿದ್ದರು. ಸೊಸೆಯಂದಿರು ಸುಟ್ಟು ಸಾಯುತ್ತಿದ್ದಾಗ ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ 1983ರಲ್ಲಿ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು. ಅಡುಗೆಮನೆಯ ಸೀಮೆಎಣ್ಣೆಯನ್ನು ಕಾನೂನು ನೋಡಬಹುದಾದರೆ ಪಕ್ಕದ ಕೋಣೆಯ ಬಲಾತ್ಕಾರವನ್ನು ಏಕೆ ನೋಡಬಾರದು? ಸಾಕ್ಷಿ ಎಲ್ಲಿದೆ ಎನ್ನುತ್ತಾರೆ ಇನ್ನು ಕೆಲವರು. ಬಾಗಿಲ ಹಿಂದೆ ನಡೆಯುವ ಯಾವ ಅಪರಾಧಕ್ಕೆ ಸಾಕ್ಷಿ ಸುಲಭ? ಸಾಬೀತು ಕಷ್ಟವೆಂದು ಯಾರೂ ಲಂಚವನ್ನು ಅಪರಾಧದ ಪಟ್ಟಿಯಿಂದ ತೆಗೆದಿಲ್ಲ. ಸುಳ್ಳು ದೂರು ಹೆಚ್ಚಾಗುತ್ತದೆ ಎಂಬುದು ಮೂರನೆಯ ಆಕ್ಷೇಪ. ಸುಳ್ಳು ಹೇಳುವವರು ಎಲ್ಲ ಕಾನೂನಿನಡಿಯೂ ಇದ್ದಾರೆ, ಅದನ್ನು ಸೋಸಲೆಂದೇ ನ್ಯಾಯಾಲಯವಿದೆ. ಆದರೆ ನೂರರಲ್ಲಿ 77 ಮಂದಿ ಬಾಯಿಯನ್ನೇ ಬಿಡದ ದೇಶದಲ್ಲಿ ನಮ್ಮ ಮೊದಲ ಚಿಂತೆ ಯಾವುದಾಗಿರಬೇಕು?

ಧಾರಾವಾಹಿಯನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಅದರ ಮಿತಿಗಳನ್ನೂ ನೋಡಬೇಕು. ಕೋರ್ಟಿನ ಕಥೆಗೆ ಒಂದು ಶವ ಬೇಕು, ರಕ್ತ ಬೇಕು. ಹೆಂಡತಿ ಚೂರಿ ಎತ್ತಿದ್ದರಿಂದ ಆಕೆಯ ಬದುಕು ಕಥೆಯಾಯಿತು. ಚೂರಿ ಎತ್ತದ ಲಕ್ಷಾಂತರ ಹೆಂಗಸರ ಬದುಕು ಕಥೆಯಾಗುವುದಿಲ್ಲ, ಕೇಸೂ ಆಗುವುದಿಲ್ಲ. ನಮ್ಮಲ್ಲಿ ಬಹುಪಾಲು ಹೆಂಗಸರು ಗಂಡನನ್ನು ಕೊಲ್ಲುವುದಿಲ್ಲ. ಸಹಿಸುತ್ತಾರೆ, ಕಾಯಿಲೆ ಬೀಳುತ್ತಾರೆ, ಬಾವಿ ನೋಡಿಕೊಳ್ಳುತ್ತಾರೆ. ಜಾಣ ವಕೀಲನೊಬ್ಬ ಬಂದು ಪಾರುಮಾಡುತ್ತಾನೆಂಬ ಆಸೆಯನ್ನೂ ಇಂಥ ಕಥೆಗಳು ಹುಟ್ಟಿಸುತ್ತವೆ. ಮಾಧವ ಮಿಶ್ರ ಎಲ್ಲ ತಾಲ್ಲೂಕು ಕೋರ್ಟಿನಲ್ಲೂ ಸಿಗುವುದಿಲ್ಲ. ಚೂರಿ ಏಳುವುದಕ್ಕೂ, ಬಾವಿಗೆ ಬೀಳುವುದಕ್ಕೂ ಮುಂಚಿನ ಹತ್ತು ವರ್ಷಗಳಿವೆಯಲ್ಲ, ನಮ್ಮ ಸಂಘಗಳ ಕೆಲಸ ಇರುವುದು ಆ ಹತ್ತು ವರ್ಷಗಳಲ್ಲಿ.

ಹಾಗಾದರೆ ಅತ್ಯಾಚಾರದ ಕಾನೂನು ಹೆಂಡತಿಗೆ ತೆರೆಯುವತನಕ ಕೈಕಟ್ಟಿ ಕೂರಬೇಕೇ? ಬೇಡ. ಇರುವ ಕಾನೂನಿನಲ್ಲೇ ಕೆಲವು ಬಾಗಿಲುಗಳಿವೆ. ಎಲ್ಲರೂ ನೆನಪಿಡಬೇಕಾದ್ದರಿಂದ ಬಿಡಿಸಿ ಹೇಳುತ್ತೇನೆ.

ಮೊದಲನೆಯದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರ 3ನೆಯ ಕಲಮು ಮೈಮೇಲಿನ ಹಿಂಸೆ, ಬೈಗುಳ ಮತ್ತು ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಗಳ ಜೊತೆಗೆ ಲೈಂಗಿಕ ಹಿಂಸೆಯನ್ನೂ ಹೆಸರಿಟ್ಟು ಹೇಳುತ್ತದೆ. ಗಂಡನ ಬಲಾತ್ಕಾರವನ್ನು ಈ ಕಾಯ್ದೆಯಡಿ ಧೈರ್ಯವಾಗಿ ಹೇಳಬಹುದು. ಹಿಂಸೆ ಮಾಡಕೂಡದೆಂಬ ರಕ್ಷಣಾ ಆದೇಶ, ಮನೆಯಿಂದ ಹೊರದಬ್ಬಕೂಡದೆಂಬ ವಾಸದ ಆದೇಶ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ, ಪರಿಹಾರ ಇವನ್ನು ಮ್ಯಾಜಿಸ್ಟ್ರೇಟರಿಂದ ಕೇಳಬಹುದು. ಅರ್ಜಿ ತಲುಪಿದ ಮೂರು ದಿನಗಳೊಳಗೆ ಮೊದಲ ವಿಚಾರಣೆಗೆ ದಿನ ಗೊತ್ತುಪಡಿಸಬೇಕು ಎಂದು ಕಾಯ್ದೆ ಹೇಳುತ್ತದೆ. ತುರ್ತಿದ್ದರೆ ಮಧ್ಯಂತರ ಆದೇಶವನ್ನೂ ಕೇಳಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಾಯ್ದೆಯ ಸಂರಕ್ಷಣಾಧಿಕಾರಿ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಯ ಮೂಲಕ ನಮಗೆ ಮೊದಲೇ ಗೊತ್ತಿರುವ ಸಿ.ಡಿ.ಪಿ.ಓ.

ಎರಡನೆಯದು ಹಳೆಯ 498ಎ. ಅದೀಗ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ. ವರದಕ್ಷಿಣೆ ಕೇಳಿದರೆ ಮಾತ್ರ ಇದು ಅನ್ವಯ ಎಂಬ ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಹೆಂಗಸನ್ನು ಆತ್ಮಹತ್ಯೆಗೆ ದೂಡುವಂಥ, ಅಥವಾ ಆಕೆಯ ದೇಹಕ್ಕೆ, ಮನಸ್ಸಿಗೆ ಭಾರಿ ಹಾನಿ ತರುವಂಥ ಉದ್ದೇಶಪೂರ್ವಕ ನಡತೆಯೂ ಇದರಲ್ಲಿ ಕ್ರೌರ್ಯವೇ. ಮೂರು ವರ್ಷದವರೆಗೆ ಶಿಕ್ಷೆಯಿದೆ. ಮೂರನೆಯದಾಗಿ, ಗಂಡನಿಂದ ಬೇರೆಯಾಗಿ ಬದುಕುತ್ತಿರುವ ಹೆಂಡತಿಯ ಮೇಲೆ ಆತ ಬಲಾತ್ಕಾರ ಮಾಡಿದರೆ ಅದು 67ನೆಯ ಕಲಮಿನಡಿ ಅಪರಾಧ. ಎರಡರಿಂದ ಏಳು ವರ್ಷದವರೆಗೆ ಶಿಕ್ಷೆ. ಬೇರೆಯಾಗಿರಲು ವಿಚ್ಛೇದನದ ಡಿಕ್ರಿಯೇ ಬೇಕೆಂದಿಲ್ಲ.

ಇನ್ನೊಂದು ವಿಷಯ. ಕಥೆಯಲ್ಲಿ ಅನು ಜೈಲು ಸೇರಿದ ಮೇಲೆ ಗರ್ಭಿಣಿ ಎಂದು ತಿಳಿಯುತ್ತದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಗರ್ಭಪಾತದ ಕಾನೂನಿನ ಮಟ್ಟಿಗೆ ಅತ್ಯಾಚಾರ ಎಂಬುದರಲ್ಲಿ ಗಂಡನ ಅತ್ಯಾಚಾರವೂ ಸೇರುತ್ತದೆ ಎಂದು ಹೇಳಿತು. ಗಂಡನ ಬಲಾತ್ಕಾರದಿಂದ ಬಸುರಾದ ಹೆಂಗಸು 20ರಿಂದ 24 ವಾರಗಳ ನಡುವೆಯೂ ಗರ್ಭಪಾತ ಕೇಳಬಹುದು, ಅದಕ್ಕೆ ಪೊಲೀಸ್ ದೂರು ಕೊಟ್ಟಿರಲೇಬೇಕೆಂದಿಲ್ಲ. ಒಂದು ಕಾನೂನು ಅತ್ಯಾಚಾರ ಎನ್ನುತ್ತದೆ, ಇನ್ನೊಂದು ಅಲ್ಲ ಎನ್ನುತ್ತದೆ. ಈ ವಿರೋಧಾಭಾಸವನ್ನು ಎಷ್ಟು ದಿನ ಸಾಕಿಕೊಳ್ಳಬಹುದು?

ಸಹಾಯಕ್ಕೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. 'ಸಖಿ' ಒನ್ ಸ್ಟಾಪ್ ಕೇಂದ್ರದಲ್ಲಿ ವೈದ್ಯಕೀಯ ನೆರವು, ಆಪ್ತಸಲಹೆ, ಕಾನೂನು ಸಲಹೆ ಒಂದೇ ಸೂರಿನಡಿ ಸಿಗಬೇಕು. ವಕೀಲರ ಶುಲ್ಕಕ್ಕೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣು ಎಂಬ ಒಂದೇ ಕಾರಣಕ್ಕೆ ನಮಗೆ ಉಚಿತ ವಕೀಲರ ಹಕ್ಕಿದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಕಾನೂನಿಗಿಂತ ಮೊದಲು ನಮ್ಮ ಸಂಘಗಳು ಮಾಡಬೇಕಾದದ್ದು ಇನ್ನೂ ಸರಳವಾದ ಕೆಲಸ. ಯಾವ ಹೆಂಗಸಾದರೂ ಧಾರಾವಾಹಿಯ ನೆಪದಲ್ಲೋ, ಬೆನ್ನುನೋವಿನ ನೆಪದಲ್ಲೋ ಈ ಮಾತಿನ ಅಂಚಿಗೆ ಬಂದರೆ "ಎಲ್ಲರಿಗೂ ಹೀಗೇ" ಎಂದು ಬಾಯಿ ಮುಚ್ಚಿಸಬಾರದು. ನಗೆಯಾಡಬಾರದು. ಅವಳ ಮಾತನ್ನು ಬೀದಿಗೆ ಒಯ್ಯಬಾರದು. ಪಕ್ಕದಲ್ಲಿ ಕುಳಿತು ಕೇಳಬೇಕು. ನಿನಗಾಗುತ್ತಿರುವುದು ಹಿಂಸೆಯೇ, ಇದು ನಿನ್ನ ತಪ್ಪಲ್ಲ ಎನ್ನಬೇಕು. ಆಕೆ ಬಯಸಿದರೆ ಮಾತ್ರ ಜೊತೆಗೆ ಹೋಗಬೇಕು. ಸಾಲ ತೀರಿಸದವಳ ಮನೆಗೆ ಹತ್ತು ಮಂದಿ ಒಟ್ಟಾಗಿ ಹೋಗಬಲ್ಲ ನಾವು, ನೋವಿನಲ್ಲಿರುವವಳ ಜೊತೆ ಸಿ.ಡಿ.ಪಿ.ಓ. ಕಚೇರಿಗೆ ಇಬ್ಬರಾದರೂ ಹೋಗಲಾರೆವೇ?

ಮದುವೆಗೆ ನಿಂತ ಹೆಣ್ಣುಮಕ್ಕಳಿಗೆ ಅಡುಗೆ, ಪೂಜೆ, ಅತ್ತೆಯ ಮುಂದಿನ ನಡತೆ ಎಲ್ಲ ಹೇಳಿಕೊಡುತ್ತೇವೆ. "ಬೇಡ ಎನ್ನುವ ಹಕ್ಕು ನಿನಗಿದೆ" ಎಂಬ ಒಂದು ಮಾತನ್ನೂ ಹೇಳಿಕೊಡೋಣ. ಗಂಡುಮಕ್ಕಳನ್ನು ಹೆತ್ತವರು, ಹೆಂಡತಿಯಾದವಳೂ ಬೇಡ ಎಂದರೆ ಬೇಡವೇ ಎಂದು ಅವರಿಗೆ ಮದುವೆಗೆ ಮೊದಲೇ ತಿಳಿಹೇಳಲಿ. ಇದನ್ನು ಹೇಳಲು ನಮಗೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.

ಮುಂದಿನ ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕಾಗಿ ಇಡಿ. ಅನುವಿನ ಕಥೆಯಿಂದಲೇ ಆರಂಭಿಸಿ, ಯಾರ ಹೆಸರೂ ಹೇಳಬೇಕಾಗಿಲ್ಲ. ಬಂದ ಮಾತುಗಳಲ್ಲಿ ಹೆಸರು ಬಿಟ್ಟು ಹೇಳಬಹುದಾದದ್ದನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯ ಪುಟಗಳನ್ನು ಅದಕ್ಕಾಗಿ ಖಾಲಿ ಇಟ್ಟಿರುತ್ತೇವೆ.